ಖಾಲಿ ಬಿಟ್ಟ ಚೌಕ

ಆಗಸ್ಟ್ ೯

ಪುಟ್ಟೀ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎಂಬಲ್ಲಿಗೆ ಬಂದು ನಿಂತುಬಿಡುತ್ತೇವೆ. ಆಮೇಲೆ ನಾನು ಕೆಮ್ಮುತ್ತೇನೆ, ನೀನು ‘ಅಮ್ಮಂಗೆ ಕೊಡ್ಲಾ’ ಅನ್ನುತ್ತೀಯ. ಅಮ್ಮನಿಗೂ ನನಗೂ ಮಾತಾಡುವುದಕ್ಕೆ ಏನಿದೆ? ಅದಕ್ಕೇ ಕಾಗದ ಬರೆಯೋಣ ಎಂದು ಕೂತಿದ್ದೇನೆ. ಮೇಷ್ಟ್ರ ಕೈಗೆ ಪೆನ್ನು ಸಿಕ್ಕರೆ ಸ್ವಲ್ಪ ಧೈರ್ಯ ಬರುತ್ತದೆ.

ಅಮ್ಮ ಎಲ್ಲ ಹೇಳಿದಳು. ನಿನ್ನ ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವಳು ಬಂದರಿನ ಊರಿನ ದೊಡ್ಡ ಆಸ್ಪತ್ರೆಗೆ ಹೆಡ್ ನರ್ಸ್ ಆಗಿ ಹೋಗುತ್ತಾಳಂತೆ. ರೈಲಿನಲ್ಲಿ ಎರಡು ದಿನದ ದಾರಿ. ಅವಳ ಜೊತೆ ಹೋಗುವುದೋ, ಇಲ್ಲಿಗೆ ಬಂದು ನನ್ನ ಹತ್ತಿರ ಇದ್ದು ಓದುವುದೋ, ನೀನೇ ತೀರ್ಮಾನ ಮಾಡಬೇಕು ಎಂದು ಇಬ್ಬರೂ ಒಪ್ಪಿದ್ದೇವೆ. ನಾವು ಬೇರೆಯಾದ ಮೇಲೆ ಇಬ್ಬರೂ ಒಪ್ಪಿದ ಮೊದಲ ವಿಷಯ ಇದು. ನಿನ್ನನ್ನು ನನ್ನ ಕಡೆಗೆ ಎಳೆಯುವ ಒಂದು ಮಾತನ್ನೂ ಆಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಆಡುವುದಿಲ್ಲ.

ಇನ್ನು ನನ್ನ ಸುದ್ದಿ. ನಮ್ಮ ಶಾಲೆಯಿಂದ ನನ್ನನ್ನು ಎರಡು ಮೂರು ವರ್ಷದ ಮಟ್ಟಿಗೆ ಪಠ್ಯಪುಸ್ತಕ ಕಚೇರಿಗೆ ಕಳಿಸಿದ್ದಾರೆ. ಹತ್ತನೇ ತರಗತಿಯ ವಿಜ್ಞಾನವನ್ನು ಹೊಸದಾಗಿ ಬರೆಸುತ್ತಿದ್ದಾರೆ. ಪಾಠಗಳನ್ನು ಹಂಚುವಾಗ ಬೆಳಕಿನ ಪಾಠಕ್ಕೆ ಎಲ್ಲರೂ ಮುಗಿಬಿದ್ದರು. ‘ವಿದ್ಯುತ್ತಿನ ಕಾಂತೀಯ ಪರಿಣಾಮಗಳು’ ಯಾರಿಗೂ ಬೇಡವಾಗಿ ನನ್ನ ತಲೆಗೆ ಬಂತು. ಯಾವಾಗಲೂ ತಂತಿಯ ಸುರುಳಿ ಸುತ್ತಿ ತೋರಿಸುತ್ತೇನೆಂದು ಹುಡುಗರು ನನಗೆ ‘ಸುರುಳಿ ಮೇಷ್ಟ್ರು’ ಎಂದು ಹೆಸರಿಟ್ಟದ್ದು ಇಲ್ಲಿಯವರೆಗೂ ಮುಟ್ಟಿರಬೇಕು.

ಕಚೇರಿ ಎಂದರೆ ಉದ್ದನೆಯ ಒಂದು ಪಡಸಾಲೆ, ಎರಡೂ ಬದಿಗೆ ಹಳೆಯ ಪುಸ್ತಕಗಳ ಕಟ್ಟು. ಕಟ್ಟುಗಳ ಮಧ್ಯೆ ಮೇಜು, ಮೇಜಿನ ಹಿಂದೆ ನಾನು. ಇರುವುದಕ್ಕೆ ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ. ಸಂಜೆ ಅವನು ಮಿಷನ್ ನಿಲ್ಲಿಸಿದ ಕೂಡಲೇ ಕಟ್ಟಡವೆಲ್ಲ ಗಪ್‌ಚುಪ್. ಹೋಟೆಲಿಗೆ ಊಟಕ್ಕೆ ಹೋದರೆ ಯಜಮಾನ ದಿನಾ ‘ಒಬ್ರೇನಾ ಸಾರ್?’ ಎಂದು ಕೇಳುತ್ತಾನೆ. ಹೌದು ಎಂದು ನಾನೂ ದಿನಾ ಹೇಳುತ್ತೇನೆ. ಇಷ್ಟು ದಿನವಾದರೂ ಅವನಿಗೆ ಜ್ಞಾಪಕ ನಿಲ್ಲಬಾರದೇ?

ನಿನ್ನಿಂದ ಒಂದು ಉಪಕಾರ ಆಗಬೇಕು. ಈ ವರ್ಷ ನೀನು ಓದುತ್ತಿರುವುದು ಇದೇ ಪಾಠದ ಹಳೆಯ ರೂಪ. ಎಲ್ಲಿ ತಲೆ ಕೆಡುತ್ತದೆ, ಎಲ್ಲಿ ನಿದ್ದೆ ಬರುತ್ತದೆ, ಬರೆದು ತಿಳಿಸು. ಪಾಠ ಬರೆಯುವ ನಮ್ಮ ಕಮಿಟಿಯಲ್ಲಿ ಹತ್ತನೇ ತರಗತಿ ಓದುತ್ತಿರುವವರು ಒಬ್ಬರೂ ಇಲ್ಲ.

ಅಪ್ಪ


ಆಗಸ್ಟ್ ೩೦

ಅಪ್ಪಾ,

ಪುಟ್ಟಿ ಅನ್ನಬೇಡ. ನನಗೆ ಹದಿನೈದು ತುಂಬಿತು. ನಿನ್ನ ಕಾಗದವನ್ನು ಪಕ್ಕದ ಮನೆಯವರು ಇಸಿದುಕೊಂಡು, ಕವರಿನ ಮೇಲಿದ್ದ ‘ಪುಟ್ಟಿಗೆ’ ಎಂಬುದನ್ನು ಬೀದಿಗೆಲ್ಲ ಕೇಳುವಂತೆ ಓದಿ ಕೊಟ್ಟರು.

ಏನೇನೋ ಬರೆದಿರುತ್ತೀಯ ಅಂದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಓದಿದೆ. ನೋಡಿದರೆ ಪಾಠದ ಸುದ್ದಿ. ಇರಲಿ. ಕೇಳಿದ್ದೀಯಲ್ಲ, ಹೇಳುತ್ತೇನೆ.

ಒಂದನೆಯದು, ಪಾಠದ ಶುರುವಿನಲ್ಲೇ ಇರುವ ಆ ಪ್ರೊಫೆಸರ್ ಕಥೆ. ಅವರು ಪಾಠ ಮಾಡುತ್ತಿದ್ದರಂತೆ, ತಂತಿಯ ಹತ್ತಿರ ದಿಕ್ಸೂಚಿ ಇತ್ತಂತೆ, ಅಕಸ್ಮಾತ್ತಾಗಿ ಮುಳ್ಳು ತಿರುಗಿತಂತೆ, ಪ್ರಪಂಚವೇ ಬದಲಾಯಿತಂತೆ. ನಮ್ಮ ತರಗತಿಯಲ್ಲಿ ಅಕಸ್ಮಾತ್ತಾಗಿ ಆಗುವುದೆಂದರೆ ಕಿರುಪರೀಕ್ಷೆ ಮಾತ್ರ.

ಎರಡನೆಯದು ಕೈ. ಪುಸ್ತಕದಲ್ಲಿ ಮಣಿಕಟ್ಟಿಗೆ ಕತ್ತರಿಸಿದ ಒಂದು ಕೈ ತಂತಿ ಹಿಡಿದುಕೊಂಡಿದೆ. ಹೆಬ್ಬೆರಳು ವಿದ್ಯುತ್ತಿನ ಕಡೆಗೆ, ಉಳಿದ ಬೆರಳು ಕಾಂತಬಲದ ಕಡೆಗೆ. ಇದಕ್ಕೆ ಬಲಗೈ. ಎರಡು ಪುಟ ಆದ ಮೇಲೆ ಮೋಟರಿಗೆ ಎಡಗೈ. ಯಾಕೆ ಎಂದು ಎಲ್ಲೂ ಇಲ್ಲ. ಮೊನ್ನೆ ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಕೈ ತಿರುಚುತ್ತ ಕೂತಿತ್ತು. ಎಲ್ಲರ ಬಲಗೈಯಲ್ಲೂ ಪೆನ್ನಿತ್ತಲ್ಲ, ಅದಕ್ಕೆ ಎಡಗೈ ತಿರುಚಿದರು, ಎಲ್ಲರದ್ದೂ ಉಲ್ಟಾ ಆಯಿತು. ನಾನು ಎಡಚಿ. ಬಲಗೈ ಖಾಲಿ ಇತ್ತು, ನನ್ನದೊಂದೇ ಸರಿ. ಮೇಡಂ ‘ಕಾಪಿ ಹೊಡ್ದ್ಯಾ?’ ಎಂದರು. ಯಾರದನ್ನು ಹೊಡೆಯಲಿ?

ಮೂರನೆಯದು ಬಲರೇಖೆಗಳು. ಆಯಸ್ಕಾಂತದ ಸುತ್ತ ಗೆರೆ ಬರೆದಿದ್ದಾರೆ. ಬಲ ಇರುವುದು ಗೆರೆಯ ಮೇಲೆ ಮಾತ್ರವಾ? ಎರಡು ಗೆರೆಗಳ ನಡುವೆ ಕೂತ ಸೂಜಿಗೆ ಏನೂ ಆಗುವುದಿಲ್ಲವಾ? ಕೇಳಿದ್ದಕ್ಕೆ ‘ಪರೀಕ್ಷೆಗೆ ಬರಲ್ಲ, ಕೂತ್ಕೋ’ ಎಂದರು.

ನಿನ್ನ ಕೋಣೆ ಎಷ್ಟು ದೊಡ್ಡದು? ಇನ್ನೊಂದು ಮಂಚ ಹಿಡಿಸುತ್ತದಾ? ಸುಮ್ಮನೆ ಕೇಳಿದೆ.

ಪುಟ್ಟಿ ಅಲ್ಲದ ಮಗಳು


ಸೆಪ್ಟೆಂಬರ್ ೧೧

ಪುಟ್ಟಿ ಅಲ್ಲದವಳೇ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಎಡಚಿಯ ಕಥೆಯನ್ನು ಕಮಿಟಿಯಲ್ಲೂ ಓದಿ ಹೇಳಿದೆ. ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು, ನಗುವುದು ಅಪರೂಪ. ಅವರೂ ಮೇಜಿನ ಕೆಳಗೆ ಕೈ ತಿರುಚಿ ನೋಡಿಕೊಂಡದ್ದನ್ನು ನಾನು ಕಂಡೆ.

ಗೆರೆಯ ವಿಷಯ. ಗೆರೆ ಇರುವುದು ಕಾಗದದ ಮೇಲೆ ಮಾತ್ರ. ಬಲ ಎಲ್ಲ ಕಡೆಯೂ ಇದೆ. ಎಲ್ಲ ಕಡೆಯೂ ಬರೆಯುತ್ತ ಹೋದರೆ ಪುಟ ಪೂರ್ತಿ ಕಪ್ಪಾಗುತ್ತದೆ ಎಂದು ಚಿತ್ರಕಾರ ನಾಲ್ಕು ಗೆರೆ ಎಳೆದು ಉಳಿದದ್ದನ್ನು ಬಿಡುತ್ತಾನೆ. ಬಿಟ್ಟ ಜಾಗದಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ. ನಿನ್ನ ಪ್ರಶ್ನೆಯನ್ನು ಇದ್ದ ಹಾಗೇ ಪಾಠದಲ್ಲಿ ಹಾಕುತ್ತಿದ್ದೇನೆ. ಪರೀಕ್ಷೆಗೆ ಬಂದರೂ ಬರಲಿ.

ಇಲ್ಲಿ ಭಾನುವಾರ ಟೈಲರ್ ಅಂಗಡಿ ಮುಚ್ಚಿರುತ್ತದೆ. ಬೀದಿಯ ಕೊನೆಯ ತನಕ ಹೋಗಿ ಬರುತ್ತೇನೆ, ಬಟ್ಟೆ ಒಗೆದು ಹಾಕುತ್ತೇನೆ, ಮತ್ತೆ ಬೀದಿಯ ಕೊನೆಯ ತನಕ ಹೋಗಿ ಬರುತ್ತೇನೆ. ಬೆಳಗಿನಿಂದ ಯಾರ ಹತ್ತಿರವೂ ಮಾತಾಡದೆ ಇದ್ದು ಸಂಜೆ ‘ಒಂದು ಚಹಾ ಕೊಡಪ್ಪಾ’ ಅನ್ನುವಾಗ ಗಂಟಲು ಕಟ್ಟಿಕೊಂಡಿರುತ್ತದೆ. ಅಂಗಡಿಯವನು ನೆಗಡಿಯಾ ಎಂದು ಕೇಳುತ್ತಾನೆ.

ಇನ್ನು ಮಂಚದ ಪ್ರಶ್ನೆ. ಹಿಡಿಸುತ್ತದೆ ಎಂದರೆ ನಿನ್ನನ್ನು ಎಳೆದಂತೆ, ಹಿಡಿಸುವುದಿಲ್ಲ ಎಂದರೆ ತಳ್ಳಿದಂತೆ. ಎರಡೂ ನನಗೆ ಬೇಡ. ಅಳತೆ ಕೊಡುತ್ತೇನೆ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ, ಬಾಗಿಲು ಒಳಕ್ಕೆ ತೆರೆಯುತ್ತದೆ. ನೀನೇ ಲೆಕ್ಕ ಹಾಕು.

ಅಪ್ಪ


ಅಕ್ಟೋಬರ್ ೧೮

ಅಪ್ಪಾ,

ಲೆಕ್ಕ ಹಾಕುವುದಕ್ಕೆ ನನಗೆ ಪುರುಸೊತ್ತಿಲ್ಲ.

ನಿನ್ನ ಪಾಠದ ಪ್ರಯೋಗ ಆಯಿತು. ಕೇಳು. ಪುಸ್ತಕದಲ್ಲಿ ಇರುವಂತೆಯೇ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟೆವು. ಅದರ ಮೇಲೆ ಅಡ್ಡಡ್ಡವಾಗಿ ತಂತಿ. ಒಂದು ಸೆಲ್ಲು, ಒಂದು ಪುಟ್ಟ ಬಲ್ಬು, ಒಂದು ಸ್ವಿಚ್ಚು. ಸ್ವಿಚ್ಚು ಒತ್ತಿದೆವು, ಬಲ್ಬು ಹತ್ತಿತು. ಮುಳ್ಳು ಅಲುಗಲಿಲ್ಲ. ಮತ್ತೆ ಒತ್ತಿದೆವು. ನನ್ನ ಜೊತೆ ಕೂರುವವಳು, ಅವಳನ್ನು ಎಲ್ಲರೂ ಚಷ್ಮಾ ಅನ್ನುತ್ತಾರೆ, ಮೇಜಿಗೆ ಮೂಗು ತಾಗಿಸಿ ನೋಡಿದಳು. ಇಲ್ಲ. ಆ ಕಡೆಯ ಮೇಜಿನಲ್ಲೂ ಇಲ್ಲ, ಈ ಕಡೆಯ ಮೇಜಿನಲ್ಲೂ ಇಲ್ಲ. ಇಡೀ ಕೋಣೆಯಲ್ಲಿ ಒಂದು ಮುಳ್ಳೂ ಅಲುಗಲಿಲ್ಲ.

ಮೇಡಂ ಗಡಿಯಾರ ನೋಡಿ ‘ಸೆಲ್ ಹಳೇದು. ಪುಸ್ತಕದಲ್ಲಿ ಏನಿದ್ಯೋ ಅದನ್ನ ಬರ್ಕೊಳ್ಳಿ’ ಎಂದರು. ಎಲ್ಲರೂ ವೀಕ್ಷಣೆ ಎಂಬಲ್ಲಿ ‘ಕಾಂತಸೂಜಿಯು ವಿಚಲನೆ ಹೊಂದಿತು’ ಎಂದು ಬರೆದರು. ಚಷ್ಮಾನೂ ಬರೆದಳು. ನಾನು ‘ಅಲುಗಲಿಲ್ಲ’ ಎಂದು ಬರೆದೆ. ಆ ಪುಟಕ್ಕೆ ಅಡ್ಡಗೆರೆ ಎಳೆದು, ತಪ್ಪು, ಮತ್ತೆ ಬರೆ ಎಂದು ಕೆಂಪಿನಲ್ಲಿ ಬರೆದಿದ್ದಾರೆ. ನಾನು ಮತ್ತೆ ಬರೆಯುವುದಿಲ್ಲ. ಕಂಡದ್ದನ್ನು ಬರೆದರೆ ತಪ್ಪು ಹೇಗಾಗುತ್ತದೆ?

ಸೆಲ್ಲು ಹಳೆಯದಾಗಿದ್ದರೆ ಬಲ್ಬು ಹೇಗೆ ಹತ್ತಿತು? ಯಾಕೆ ಹೀಗಾಯಿತು ಹೇಳು. ಬೇಗ ಬರೆ. ನನ್ನ ಜೊತೆ ಯಾರೂ ಇಲ್ಲ. ಚಷ್ಮಾ ಕೂಡ ‘ನಿಂಗ್ಯಾಕೆ ಊರಿಗಿಲ್ಲದ್ದು’ ಎಂದಳು. ಮಧ್ಯಾಹ್ನ ಒಬ್ಬಳೇ ಊಟದ ಡಬ್ಬಿ ತೆಗೆದೆ.

ಮಗಳು


ಅಕ್ಟೋಬರ್ ೨೬

ಮಗಳೇ,

ಮತ್ತೆ ಬರೆಯಬೇಡ. ನಿನ್ನ ‘ಅಲುಗಲಿಲ್ಲ’ ಈ ವರ್ಷ ಆ ಶಾಲೆಯಲ್ಲಿ ನಡೆದ ಏಕೈಕ ಪ್ರಯೋಗ. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಟೈಲರಿಗೆ ಹೇಳಿದೆ. ಅವನು ಬಾಯಲ್ಲಿ ಸೂಜಿ ಕಚ್ಚಿಕೊಂಡು ‘ಹೌದಾ ಸಾರ್’ ಎಂದ. ಇನ್ಯಾರಿಗೆ ಹೇಳಲಿ?

ನಿನ್ನ ಮೇಡಂ ಮೇಲೆ ಸಿಟ್ಟಾಗಬೇಡ. ತಪ್ಪು ಪುಸ್ತಕದ್ದು. ಹಳೆಯ ಪುಸ್ತಕಕ್ಕೂ ಚಿತ್ರ ಬರೆದಿದ್ದ ನಮ್ಮ ಕಚೇರಿಯ ಚಿತ್ರಕಾರನ ಹತ್ತಿರ ಹೋಗಿ, ಈ ಚಿತ್ರದಲ್ಲಿ ತಂತಿಯನ್ನು ಹೀಗೆ ಯಾಕೆ ಹಾಕಿದಿರಿ ಎಂದು ಕೇಳಿದೆ. ಪಾಪ, ಪ್ರಾಮಾಣಿಕ ಮನುಷ್ಯ. ‘ಪುಟದ ಅಗಲಕ್ಕೆ ಸರಿಹೋಗ್ಲಿ ಅಂತ ಹಾಕ್ದೆ ಸಾರ್. ಉದ್ದಕ್ಕೆ ಹಾಕಿದ್ರೆ ಕೆಳಗಿನ ಪ್ರಶ್ನೆಗಳು ಮುಂದಿನ ಪುಟಕ್ಕೆ ಹೋಗ್ತಿದ್ವು’ ಎಂದ. ಅಷ್ಟೇ ಕಾರಣ. ಅಂದಿನಿಂದ ಎಷ್ಟು ಮಕ್ಕಳು ಅಲುಗದ ಮುಳ್ಳನ್ನು ಅಲುಗಿತು ಎಂದು ಬರೆದರೋ.

ಯಾಕೆ ಅಲುಗಲಿಲ್ಲ ಎಂದು ನಾನು ಹೇಳುವುದಿಲ್ಲ. ಸಿಟ್ಟಾಗಬೇಡ. ಹೇಳಿಬಿಟ್ಟರೆ ಅದು ನನ್ನದಾಗುತ್ತದೆ, ಕಂಡುಹಿಡಿದರೆ ನಿನ್ನದು. ಒಂದು ದಾರಿ ಮಾತ್ರ ತೋರಿಸುತ್ತೇನೆ. ಸೆಲ್ಲು ಬದಲಾಯಿಸಬೇಡ, ಮೇಜನ್ನು ತಿರುಗಿಸು.

ನಿನ್ನ ಬೇಸರಕ್ಕೂ ಅದೇ ಮಾತು. ಒಬ್ಬಳೇ ಡಬ್ಬಿ ತೆಗೆದೆ ಎಂದು ಓದಿ ನನಗೆ ಊಟ ಸೇರಲಿಲ್ಲ. ಏನು ಮಾಡಬೇಕು ಎಂದು ನಿನಗೇ ತೋಚುತ್ತದೆ, ನೀನು ಜಾಣೆ.

ಅಪ್ಪ


ನವೆಂಬರ್ ೨೦

ಅಪ್ಪಾ,

ಸಿಕ್ಕಿತು.

ದಿಕ್ಸೂಚಿಯನ್ನು ಚಷ್ಮಾ ಲ್ಯಾಬಿನಿಂದ ಕೇಳಿ ಇಸಿದುಕೊಂಡು ಬಂದಳು (ನಾವು ರಾಜಿಯಾದೆವು, ಅವಳೇ ಮಾತಾಡಿಸಿದಳು). ಅಡುಗೆಮನೆಯ ಮೇಜಿನ ಮೇಲೆ ಇಟ್ಟೆವು. ತಂತಿಯನ್ನು ಅಡ್ಡ ಹಿಡಿದರೆ ಇಲ್ಲ. ಆಮೇಲೆ ತಂತಿಯನ್ನು ತಿರುಗಿಸಿ, ಮುಳ್ಳು ಯಾವ ಕಡೆ ನೋಡುತ್ತಿತ್ತೋ ಅದೇ ಸಾಲಿನಲ್ಲಿ, ಅದರ ನೆತ್ತಿಯ ಮೇಲೆ ಹಿಡಿದೆವು. ಸ್ವಿಚ್ಚು ಒತ್ತಿದ ಕೂಡಲೇ ಮುಳ್ಳು ಸ್ವಲ್ಪ ಪಕ್ಕಕ್ಕೆ ಸರಿಯಿತು. ಬಿಟ್ಟರೆ ವಾಪಸು ಬಂತು. ಚಷ್ಮಾ ಕಿರುಚಿದಳು. ನಾನು ಕಿರುಚಲಿಲ್ಲ, ಇನ್ನೊಂದು ಸಲ ಒತ್ತಿ ನೋಡಿದೆ.

ಅರ್ಥವಾದದ್ದನ್ನು ಬರೆಯುತ್ತೇನೆ, ಸರಿಯಾ ಹೇಳು. ತಂತಿಯ ಬಲ ಯಾವಾಗಲೂ ತಂತಿಗೆ ಅಡ್ಡಲಾಗಿ ಇರುತ್ತದೆ. ತಂತಿಯನ್ನೇ ಮುಳ್ಳಿಗೆ ಅಡ್ಡ ಇಟ್ಟರೆ ಆ ಬಲ ಮುಳ್ಳು ನೋಡುತ್ತಿರುವ ಸಾಲಿನಲ್ಲೇ ಬೀಳುತ್ತದೆ. ಆಗ ಅದಕ್ಕೆ ಪಕ್ಕಕ್ಕೆ ತಿರುಗುವುದಕ್ಕೆ ಕಾರಣವೇ ಇರುವುದಿಲ್ಲ.

ಅಮ್ಮ ಡ್ಯೂಟಿ ಮುಗಿಸಿ ಬಂದು ಚಪ್ಪಲಿಯನ್ನೂ ಬಿಡದೆ ನಿಂತು ನೋಡಿದಳು. ‘ಅಪ್ಪ ಉತ್ತರ ಹೇಳ್ಲಿಲ್ಲ, ನಾವೇ ಕಂಡುಹಿಡಿದ್ವಿ’ ಎಂದೆ. ಅಮ್ಮ ನಕ್ಕಳು. ‘ನಿಮ್ಮಪ್ಪ ಹಾಗೇ ಕಣೇ. ಮದುವೆಯಾದ ಹೊಸದ್ರಲ್ಲಿ ಈ ಸೀರೆ ಚೆನ್ನಾಗಿದ್ಯಾ ಅಂದ್ರೆ ನಿಂಗೇನನ್ಸುತ್ತೆ ಅನ್ನೋರು. ಅಡುಗೆ ಹೇಗಿದೆ ಅಂದ್ರೂ ಅದೇ. ಕೊನೆಗೆ, ನಾನು ಇರ್ಲಾ ಹೋಗ್ಲಾ ಅಂದಾಗ್ಲೂ ಅದೇ’ ಎಂದಳು. ಆಮೇಲೆ ನಗಲಿಲ್ಲ, ಕೈಕಾಲು ತೊಳೆಯುವುದಕ್ಕೆ ಹೋದಳು.

ನಿನ್ನ ಕೋಣೆಯ ಹತ್ತಿರ ಕಾಲೇಜು ಇದೆಯಾ? ನಡೆದು ಹೋಗಬಹುದಾ? ನಾನು ಬಂದರೆ ನೀನು ಎಷ್ಟು ಹೊತ್ತಿಗೆ ಕಚೇರಿಯಿಂದ ಬರುತ್ತೀಯ? ಇದು ಸುಮ್ಮನೆ ಕೇಳಿದ್ದಲ್ಲ.

ಮಗಳು


ಡಿಸೆಂಬರ್ ೧೫

ಮಗಳೇ,

ಸರಿ, ಸರಿ, ಸರಿ. ನಿನ್ನ ಮಾತಿನಲ್ಲಿ ಒಂದಕ್ಷರವೂ ತಿದ್ದುವಂತಿಲ್ಲ.

ತಡವಾದದ್ದಕ್ಕೆ ಕಮಿಟಿ ಕಾರಣ. ಪಾಠವನ್ನು ಪೂರ್ತಿ ಬದಲಾಯಿಸಿದೆ. ಪ್ರೊಫೆಸರ್ ಕಥೆಯನ್ನು ಮೊದಲಿನಿಂದ ತೆಗೆದು ಕೊನೆಗೆ ಹಾಕಿದೆ. ಈಗ ಪಾಠ ಶುರುವಾಗುವುದೇ ಅಲುಗದ ಮುಳ್ಳಿನಿಂದ. ತಂತಿಯನ್ನು ಅಡ್ಡ ಇಟ್ಟು ನೋಡು, ಆಮೇಲೆ ಮುಳ್ಳಿನ ಸಾಲಿಗೇ ಇಟ್ಟು ನೋಡು. ಏನಾಗುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಪುಟದ ಮಧ್ಯದಲ್ಲಿ ಒಂದು ಚೌಕ ಬರೆಸಿ, ಮೇಲೆ ‘ನೀನು ಕಂಡದ್ದು’ ಎಂದಷ್ಟೇ ಹಾಕಿ, ಒಳಗೆ ಖಾಲಿ ಬಿಟ್ಟಿದ್ದೇನೆ.

ಇದಕ್ಕೇ ಜಗಳ. ಅಧ್ಯಕ್ಷರು ‘ಏನ್ರೀ ಮೇಷ್ಟ್ರೇ, ಖಾಲಿ ಬಿಟ್ರೆ ಅಚ್ಚಿನವರ ತಪ್ಪು ಅಂದ್ಕೋತಾರೆ’ ಎಂದರು. ಜೀವಶಾಸ್ತ್ರದ ಮೇಡಂ ‘ಮಕ್ಕಳು ಗೈಡ್ ನೋಡಿ ತುಂಬ್ತಾರೆ ಅಷ್ಟೇ’ ಎಂದರು. ನಾನು ಜಪ್ಪಯ್ಯ ಅಂದರೂ ಬಿಡಲಿಲ್ಲ. ಉತ್ತರ ಅಚ್ಚು ಹಾಕಿದರೆ ಮಕ್ಕಳು ಕಣ್ಣು ಮುಚ್ಚಿಕೊಂಡು ಅದನ್ನೇ ಬರೆಯುತ್ತಾರೆ, ಒಬ್ಬಳೇ ಒಬ್ಬಳು ಕಣ್ಣು ತೆರೆದು ಬರೆದರೆ ಅವಳ ಪುಟಕ್ಕೆ ಕೆಂಪು ಗೆರೆ ಬೀಳುತ್ತದೆ ಎಂದೆ. ಯಾರು ಆ ಒಬ್ಬಳು ಎಂದು ಹೇಳಲಿಲ್ಲ. ಕೊನೆಗೆ ಬೇಸತ್ತು ಒಪ್ಪಿದರು. ಗೆದ್ದ ದಿನ ಸಂಜೆ ಹೋಟೆಲಿನಲ್ಲಿ ಎರಡು ಚಹಾ ಹೇಳಿ ಎರಡನ್ನೂ ನಾನೇ ಕುಡಿದೆ.

ಅಮ್ಮನ ಮಾತು ಓದಿ ನಕ್ಕೆ. ಅವಳು ಉಟ್ಟ ಸೀರೆ ಹೇಗಿದೆ ಎಂದು ಅವಳಲ್ಲದೆ ಇನ್ಯಾರು ಹೇಳಬೇಕು?

ನಿನ್ನ ಪ್ರಶ್ನೆಗಳಿಗೆ: ಕಾಲೇಜು ಇದೆ, ನಡೆದು ಹೋಗಬಹುದು. ಕಚೇರಿ ಐದಕ್ಕೆ ಮುಗಿಯುತ್ತದೆ. ಬಂದರಿನ ಊರಿನ ಕಾಲೇಜುಗಳೂ ಬಹಳ ಒಳ್ಳೆಯವು ಎಂದು ಕೇಳಿದ್ದೇನೆ, ಅವುಗಳನ್ನೂ ವಿಚಾರಿಸು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ನಿನಗೆ ಯಾವುದು ಸರಿ ಅನ್ನಿಸುತ್ತದೋ ಅದು. ನನ್ನ ಅಭಿಪ್ರಾಯ ಇದರಲ್ಲಿ ಬರಬಾರದು.

ಅಪ್ಪ


ಫೆಬ್ರವರಿ ೨೭

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯಬೇಕೆಂದು ಗೊತ್ತಾಗಲಿಲ್ಲ. ಈಗ ಗೊತ್ತಾಗಿದೆ.

ನಾನು ಅಮ್ಮನ ಜೊತೆ ಹೋಗುತ್ತೇನೆ ಎಂದು ಹೇಳಿಬಿಟ್ಟೆ. ನನಗೂ ಟಿಕೆಟ್ ತೆಗೆಸಿದ್ದಾಳೆ.

ಮಂಚ ಹಿಡಿಸುತ್ತದಾ ಎಂದು ನಾನು ಕೇಳಿದೆ, ನೀನು ಅಡಿ ಲೆಕ್ಕ ಕೊಟ್ಟೆ. ಒಬ್ಬಳೇ ಊಟ ಮಾಡಿದೆ ಎಂದು ಬರೆದೆ, ನೀನು ‘ಜಾಣೆ’ ಎಂದೆ. ನಾನು ಬಂದರೆ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಕೇಳಿದೆ, ನೀನು ಬಂದರಿನ ಊರಿನ ಕಾಲೇಜು ಒಳ್ಳೆಯದು ಎಂದೆ. ಮುಳ್ಳಿನ ಬಗ್ಗೆ, ಗೆರೆಯ ಬಗ್ಗೆ, ಕಮಿಟಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೀಯ. ‘ಬಾ’ ಅನ್ನುವುದು ಒಂದೇ ಅಕ್ಷರ ಅಪ್ಪಾ. ಅದು ಯಾವ ಕಾಗದದಲ್ಲೂ ಇಲ್ಲ. ಮೊನ್ನೆ ಎಲ್ಲವನ್ನೂ ಹರಡಿಕೊಂಡು ಹುಡುಕಿದೆ.

ನಿನಗೆ ನಾನು ಬೇಡ. ಬೇಡದಿದ್ದರೆ ಬೇಡ ಅನ್ನಬಹುದಿತ್ತು. ನೀನೇ ಲೆಕ್ಕ ಹಾಕು, ನೀನೇ ಕಂಡುಹಿಡಿ ಅಂದರೆ ನಾನು ಕಂಡುಹಿಡಿದದ್ದು ಇದೇ.

ಪರೀಕ್ಷೆ ಹತ್ತಿರ ಬಂತು. ಇನ್ನು ಬರೆಯುವುದಕ್ಕೆ ಆಗುವುದಿಲ್ಲ.


ಮಾರ್ಚ್ ೪

ಮಗಳೇ,

ಕಾಗದ ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಸಿಕ್ಕಿತು. ಓದಿ, ಕಟ್ಟುಗಳ ಹಿಂದೆ ಹೋಗಿ ನಿಂತೆ. ಚಿತ್ರಕಾರ ಬಂದು ‘ಏನ್ ಸಾರ್, ಹುಷಾರಿಲ್ವಾ?’ ಎಂದು ಕೇಳಿದ. ರಜೆ ಹಾಕಿ ಕೋಣೆಗೆ ಬಂದು ಬರೆಯುತ್ತಿದ್ದೇನೆ. ಕೆಳಗೆ ಮಿಷನ್ ಓಡುತ್ತಿದೆ.

ಮೊದಲು ಸಿಟ್ಟು ಬಂತು. ಮಾತು ಕೊಟ್ಟಿದ್ದೇನೆ ಎಂದು ಮೊದಲ ಕಾಗದದಲ್ಲೇ ಬರೆದಿರಲಿಲ್ಲವೇ, ಈ ಹುಡುಗಿಗೆ ಅಷ್ಟೂ ತಿಳಿಯಬಾರದೇ ಎಂದು. ಮಾತು ಉಳಿಸಿಕೊಳ್ಳಬೇಕು ಎಂದು ಪ್ರತಿ ಸಾಲನ್ನೂ ಎರಡೆರಡು ಸಲ ಓದಿ, ಎಳೆಯುವಂತೆ ಕಂಡದ್ದನ್ನೆಲ್ಲ ಹೊಡೆದುಹಾಕಿ, ಬೇರೆ ಹಾಳೆಗೆ ಬರೆದು ಕಳಿಸುತ್ತಿದ್ದೆ. ನಾನು ಹೊಡೆದುಹಾಕಿದ್ದು ಅಲ್ಲಿ ನಿನಗೆ ಹೇಗೆ ಕಾಣಬೇಕು? ನಿನಗೆ ಸಿಕ್ಕಿದ್ದು ಉಳಿದ ಪಾಠ ಮಾತ್ರ. ಯೋಚಿಸಿದಾಗ ಸಿಟ್ಟು ಇಳಿಯಿತು.

ಮಕ್ಕಳಿಗೆ ಉತ್ತರ ಹೇಳಿಕೊಡಬಾರದು ಎಂದು ಇಷ್ಟು ವರ್ಷ ಪಾಠ ಮಾಡಿದವನು ನಾನು. ನಿನ್ನ ವಿಷಯದಲ್ಲೂ ಅದೇ ಸರಿ ಅಂದುಕೊಂಡೆ. ನೀನು ನನ್ನನ್ನು ಕೇಳಿದ್ದು ಮುಳ್ಳಿನ ಬಗ್ಗೆ ಅಲ್ಲ, ನನ್ನ ಬಗ್ಗೆ. ಅದನ್ನು ನನ್ನ ಬಾಯಿಂದಲ್ಲದೆ ಇನ್ನೆಲ್ಲಿ ಕಂಡುಹಿಡಿಯುತ್ತೀಯ?

ಆದ್ದರಿಂದ ಈಗ ಹೇಳುತ್ತೇನೆ. ಅಮ್ಮನಿಗೂ ಫೋನ್ ಮಾಡಿ, ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ಹೇಳಿದೆ. ‘ಇವತ್ತಾದ್ರೂ ಮುರಿದ್ರಲ್ಲ’ ಎಂದಳು. ಮಂಚ ಹಿಡಿಸುತ್ತದೆ. ನಿ‍ನ್ನ ಮಂಚದ ಕಾಗದ ಬಂದ ದಿನವೇ ಟೈಲರನ ಟೇಪು ತಂದು ಅಳೆದಿದ್ದೆ, ಕಿಟಕಿಯ ಪಕ್ಕಕ್ಕೆ ಸರಿಯಾಗಿ ಹಿಡಿಸುತ್ತದೆ. ನನಗೆ ನೀನು ಬೇಕು. ದಿನಾ ಸಂಜೆ ಬೇಕು. ಇಲ್ಲಿ ನನಗೆ ಯಾರೂ ಇಲ್ಲ. ಬಾ.

ಅಪ್ಪ


ಏಪ್ರಿಲ್ ೧೨

ಅಪ್ಪಾ,

ಪರೀಕ್ಷೆ ಮುಗಿಯಿತು. ನಿನ್ನ ಕಾಗದ ಗಣಿತದ ಹಿಂದಿನ ದಿನ ಬಂತು. ಓದಿ ತುಂಬ ಅತ್ತೆ, ಸಿಟ್ಟಿಗೂ ಅತ್ತೆ, ಗಣಿತ ಹೇಗೋ ಬರೆದೆ. ವಿಜ್ಞಾನದಲ್ಲಿ ನಿನ್ನ ಪಾಠದಿಂದ ಒಂದು ಚಿತ್ರ ಬಂದಿತ್ತು, ತಂತಿ ಅಡ್ಡಡ್ಡ. ಏನು ಬರೆದೆ ಎಂದು ಹೇಳಬೇಕಾಗಿಲ್ಲ.

ನಾನು ಬರುವುದಿಲ್ಲ ಅಪ್ಪಾ.

ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಹೋಯಿತು. ಮಾರ್ಚ್ ಪೂರ್ತಿ ಎರಡೂ ಕಡೆ ಯೋಚಿಸಿದೆ. ಜನವರಿಯಲ್ಲಿ ಒಂದು ದಿನ ಅಮ್ಮ ಸ್ಟೌವ್ ಮುಂದೆ ನಿಂತುಕೊಂಡು, ನನ್ನ ಕಡೆ ತಿರುಗದೆ, ‘ನೀನು ಬಂದ್ರೆ ನಂಗೆ ಧೈರ್ಯ ಕಣೇ. ಬರ್ದಿದ್ರೆ ಬೇಜಾರಾಗುತ್ತೆ, ಆದ್ರೂ ತಡ್ಕೋತೀನಿ’ ಎಂದಿದ್ದಳು. ಅಷ್ಟೇ. ಅದು ಎಳೆದಂತೆ ಅಲ್ಲ. ನನಗೆ ಆಗ ಎಷ್ಟು ಹಗುರ ಅನ್ನಿಸಿತು ಗೊತ್ತಾ? ಅವಳಿಗೆ ಆ ಊರಿನಲ್ಲಿ ಒಬ್ಬರ ಗುರುತೂ ಇಲ್ಲ. ಹೂಂ ಅಂದಿದ್ದೇನೆ. ಈಗ ನೀನು ಕರೆದೆ ಎಂದು ಇಲ್ಲ ಅನ್ನುವುದು ಹೇಗೆ?

ಒಂದು ಮಾತು ಬರೆಯಬೇಕೋ ಬೇಡವೋ ಗೊತ್ತಿಲ್ಲ. ನೀನು ಸೆಪ್ಟೆಂಬರಿನಲ್ಲೇ ಹಿಡಿಸುತ್ತದೆ ಎಂದಿದ್ದರೆ ನಾನು ಬಂದುಬಿಡುತ್ತಿದ್ದೆ. ನೋಯಿಸಬೇಕೆಂದು ಬರೆದದ್ದಲ್ಲ. ನಿಜ ಅದೇ, ಅದಕ್ಕೆ ಬರೆದೆ.

ಸೋಮವಾರ ಹೊರಡುತ್ತೇವೆ. ಹೊಸ ವಿಳಾಸ ಹಿಂದೆ ಇದೆ.

ಮಗಳು


ಜೂನ್ ೩

ಮಗಳೇ,

ಬಹಳ ದಿನ ಬರೆಯುವುದಕ್ಕೆ ಆಗಲಿಲ್ಲ. ಸಿಟ್ಟಿರಲಿಲ್ಲ. ಸೆಪ್ಟೆಂಬರಿನ ಆ ಮಾತು ಒಂದೆರಡು ವಾರ ನನ್ನನ್ನು ಮೇಜಿನ ಹತ್ತಿರ ಕೂರಲು ಬಿಡಲಿಲ್ಲ. ಬರೆದದ್ದು ಒಳ್ಳೆಯದಾಯಿತು. ನೀನು ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡದ್ದೂ ಸರಿ. ಸರಿ ಎಂದು ಗೊತ್ತಿದ್ದರೂ ಬೇಸರವಾಗುತ್ತದೆ, ಬಹಳ.

ಪಾಠ ಅಚ್ಚಿಗೆ ಹೋಯಿತು. ಕೊನೆಯ ಕರಡು ಬಂದಾಗ ಚೌಕದ ಕೆಳಗೆ ಒಂದು ಸಾಲು ಸೇರಿಸಿದ್ದೆ: ‘ಬರೆದಾದ ಮೇಲೆ ನಿಮ್ಮ ಮೇಷ್ಟ್ರಿಗೆ ತೋರಿಸಿ, ಅವರು ಕಂಡದ್ದು ಏನೆಂದು ಕೇಳಿ, ಹೇಳುವುದು ಅವರ ಕರ್ತವ್ಯ.’ ಅಧ್ಯಕ್ಷರು ‘ಮೇಷ್ಟ್ರುಗಳು ಗೊಣಗ್ತಾರೆ ಕಣ್ರೀ’ ಎಂದು ಹೊಡೆದುಹಾಕಿದರು. ಹೋರಾಡಿದೆ, ಈ ಸಲ ಸೋತೆ. ಚೌಕ ಮೊದಲಿನಂತೆ ಖಾಲಿಯೇ ಹೋಗಿದೆ. ತಂತಿಯನ್ನು ಚಿತ್ರಕಾರ ಉದ್ದಕ್ಕೆ ಹಾಕಿದ್ದಾನೆ, ಪ್ರಶ್ನೆಗಳು ಮುಂದಿನ ಪುಟಕ್ಕೆ ಹೋದವು, ಯಾರೂ ಸಾಯಲಿಲ್ಲ. ಈಗ ಒಂಬತ್ತನೇ ತರಗತಿಯದು ಶುರು.

ನಿನ್ನ ಹೊಸ ಕಾಲೇಜು ಹೇಗಿದೆ? ಜೊತೆಗೆ ಕೂರುವವರು ಸಿಕ್ಕರಾ? ಸಿಗದಿದ್ದರೆ ಸಿಗಲಿಲ್ಲ ಎಂದು ಬರೆ. ಜಾಣೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ರೈಲು ಹತ್ತಿ ಬರುತ್ತೇನೆ. ಬರಲಾ?

ಡಿಸೆಂಬರಿನಲ್ಲಿ ನಿನಗೆ ರಜೆ ಇರುತ್ತದೆ. ನನ್ನ ಹತ್ತಿರ ಬಾ. ನಿನ್ನನ್ನು ನೋಡದೆ ಇರುವುದು ನನಗೆ ಕಷ್ಟವಾಗುತ್ತಿದೆ. ಬರಲಾಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೇ ಬರೆ, ಸಂಕೋಚ ಬೇಡ. ಅದರ ಮುಂದಿನ ರಜೆಗೆ ಮತ್ತೆ ಕೇಳುತ್ತೇನೆ.

ಅಪ್ಪ